ಕೂಡುದಾರಿಯ ಲೆಗ್ಬಾ ದೇವರೋ, ದೆವ್ವವೋ?

ಪಂಕ್ಚರ್ ಕಾಕಾ, ವಿಜಯಪುರ ಜಿಲ್ಲೆ

ನನ್ನ ಪಂಕ್ಚರ್ ಅಂಗಡಿ ಇರುವುದು ಬಸವನ ಬಾಗೇವಾಡಿ ಕಡೆ, ಮೂರು ದಾರಿ ಕೂಡುವ ಜಾಗದಲ್ಲಿ. ಅಮಾವಾಸ್ಯೆ ಮರುದಿನ ಶಟರ್ ಎತ್ತುವ ಮೊದಲು ಕಸಬರಿಗೆ ಹಿಡಿಯಬೇಕು. ಕುಂಕುಮ ಹಚ್ಚಿದ ನಿಂಬೆಹೋಳು, ಒಡೆದ ಕುಂಬಳಕಾಯಿ, ಒಮ್ಮೊಮ್ಮೆ ಎಲೆಯಲ್ಲಿ ಅನ್ನ, ಮೊಟ್ಟೆ. ಮೊಟ್ಟೆ ನನಗೆ ಸಿಗುವುದಿಲ್ಲ, ಅಷ್ಟರಲ್ಲಿ ಇಲ್ಲಿನ ಕುಂಟ ನಾಯಿ ತಿಂದಿರುತ್ತದೆ. "ದಾಟಬ್ಯಾಡ, ಮುಟ್ಟಬ್ಯಾಡ" ಅನ್ನುತ್ತಿದ್ದಳು ನಮ್ಮವ್ವ. ನಾನು 16 ವರ್ಷದಿಂದ ಗುಡಿಸಿ ಹಾಕುತ್ತಿದ್ದೇನೆ, ಏನೂ ಆಗಿಲ್ಲ. ಬೆನ್ನುನೋವು ಬಂದಿದೆ, ಅದು ಲಾರಿ ಟಯರ್ ಎತ್ತಿ ಬಂದದ್ದು.

ಮೊನ್ನೆ ಅಕ್ಕನ ಮಗ ಮೊಬೈಲಿನಲ್ಲಿ ಏನೋ ನೋಡಿ, "ಮಾಮಾ, ಅಮೆರಿಕದ ಕಡೆ ಹೈಟಿ ಅನ್ನೋ ದೇಶದಾಗ ನಿನ್ನ ಅಂಗಡಿಯಂಥ ಜಾಗಕ್ಕೇ ಒಬ್ಬ ದೇವರು ಇದ್ದಾನ. ಲೆಗ್ಬಾ ಅಂತ. ರಾತ್ರಿ ಹೋದರ ಆತ್ಮ ಬರೆಸಿಕೊಂಡು ಬೇಕಾದ್ದು ಕೊಡ್ತಾನಂತ" ಅಂದ. ನನಗೆ ನಂಬಿಕೆ ಬರಲಿಲ್ಲ. ಅಲ್ಲಿ ಪೂಜೆ ಮಾಡುವವರು ಅವನನ್ನು ಏನು ಅಂದುಕೊಂಡಿದ್ದಾರೆ? ತಿಳಿದವರು ಹೇಳ್ರಿ.

ಇಂಡಿ ನಿಂಬೆ

ಕಾಕಾ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಬೆಳೆಸಿದ ಹಣ್ಣು ನಿಮ್ಮ ಕಸಬರಿಗೆಗೆ ಬರುತ್ತದೆ ಅಂತ ಈಗ ಗೊತ್ತಾಯ್ತು. ಲೆಗ್ಬಾಗೆ ನಿಂಬೆಹಣ್ಣು ಇಟ್ಟಿದ್ದನ್ನು ನಾನಂತೂ ಎಲ್ಲೂ ಓದಿಲ್ಲ. ತಂಬಾಕು, ರಮ್, ಕಾಫಿ ಇಡುತ್ತಾರಂತೆ. ನಮಗೆ ವ್ಯಾಪಾರ ಇಲ್ಲ ಬಿಡಿ.

ಹಳೆ ಮೇಷ್ಟ್ರು, ಗುಳೇದಗುಡ್ಡ

ನಿಮ್ಮ ಅನುಮಾನ ಸರಿ ಇದೆ. ಪೂಜೆ ಮಾಡುವವರಿಗೆ ಅವನು ಪಾಪಾ ಲೆಗ್ಬಾ, ಅಂದರೆ ಅಪ್ಪ. ಹುಲ್ಲಿನ ಟೋಪಿ, ಬಾಯಲ್ಲಿ ತಂಬಾಕಿನ ಕೊಳವೆ, ಹೆಗಲಿಗೆ ಚೀಲ, ಊರುಗೋಲು, ಜೊತೆಗೊಂದು ನಾಯಿ. ಕುಂಟುವ ಮುದುಕ. ಒಂದು ಕಾಲು ಈ ಲೋಕದಲ್ಲಿ, ಇನ್ನೊಂದು ಆ ಲೋಕದಲ್ಲಿ ಇರುವುದರಿಂದ ಕುಂಟುತ್ತಾನೆ ಅನ್ನುತ್ತಾರೆ.

ಹೈಟಿಯವರ ದೊಡ್ಡ ದೇವರು ಬೊಂಡ್ಯೆ. ಅವನು ಬಹಳ ದೂರ. ದಿನದ ಕಷ್ಟಸುಖಕ್ಕೆ ಇರುವವರು ಲ್ವಾ ಅನ್ನುವ ದೈವಗಳು. ಲೆಗ್ಬಾ ಬಾಗಿಲು ತೆಗೆಯದಿದ್ದರೆ ಆ ಲ್ವಾಗಳಲ್ಲಿ ಒಬ್ಬರೂ ಬರುವುದಿಲ್ಲ. ಅದಕ್ಕೇ ಯಾವ ಪೂಜೆಗೂ ಮೊದಲ ಹಾಡು ಅವನದು: ಅಪ್ಪಾ, ನನಗೆ ಬಾಗಿಲು ತೆಗಿ. ನಾವು ಮೊದಲು ಗಣಪ್ಪನಿಗೆ ಕಾಯಿ ಒಡೆಯುವ ಹಾಗೆ.

ಅವನ ಗುರುತನ್ನು ನೆಲದ ಮೇಲೆ ಬರೆಯುವುದು ಗೋವಿನಜೋಳದ ಹಿಟ್ಟಿನಲ್ಲಿ. ಹೆಬ್ಬೆರಳು ತೋರುಬೆರಳ ನಡುವೆ ಹಿಟ್ಟು ಸಣ್ಣಗೆ ಇಳಿಬಿಡುತ್ತಾ ಬರೆಯುತ್ತಾರೆ. ನಮ್ಮ ಮನೆಯವಳು ರಂಗೋಲಿ ಹಾಕುವ ಕೈಯೇ ಅನ್ನಿ. ಒಂದನ್ನೊಂದು ಕತ್ತರಿಸುವ ಎರಡು ಗೆರೆ, ಪಕ್ಕದಲ್ಲಿ ಒಂದು ಊರುಗೋಲು.

ಒಂದು ಫರಕು ನೋಡಿ. ನಿಮ್ಮ ಕೂಡುದಾರಿಗೆ ಜನ ಪೀಡೆ ಬಿಸಾಕಲು ಬರುತ್ತಾರೆ, ತಿರುಗಿ ನೋಡದೆ ಮನೆಗೆ ಹೋಗುತ್ತಾರೆ. ಲೆಗ್ಬಾ ಹತ್ತಿರ ಹೋಗುವವರು ದಾರಿ ಕೇಳಲು ಹೋಗುತ್ತಾರೆ. ಹೋಲಿಸಲೇಬೇಕು ಅಂದರೆ ನಿಮ್ಮ ನಿಂಬೆಹಣ್ಣಿಗಿಂತ ಊರ ಬಾಗಿಲು ಕಾಯುವ ನಮ್ಮ ಅಗಸಿ ಹನಮಪ್ಪ ಹತ್ತಿರ.

ದೆವ್ವ ಅನ್ನುವುದು ಹೊರಗಿನವರು ಹಚ್ಚಿದ ಮಸಿ. ಆಫ್ರಿಕಾದ ಯೊರುಬಾ ಜನರಲ್ಲಿ ಇವನಂಥವನೇ ಎಶು. 19ನೇ ಶತಮಾನದಲ್ಲಿ ಬೈಬಲನ್ನು ಆ ಭಾಷೆಗೆ ತಂದವರು ಸೈತಾನನಿಗೆ ಎಶು ಅನ್ನುವ ಹೆಸರನ್ನು ಬಳಸಿದರು. ಮುಂದಿನದ್ದನ್ನು ಸಿನಿಮಾದವರು ಮಾಡಿದರು. ಹೈಟಿಯಲ್ಲೇ ರಾತ್ರಿಯ ಕೂಡುದಾರಿಗೆ ಕಾಲ್ಫು ಅನ್ನುವ ಬೇರೆ ಉಗ್ರ ದೈವ ಇದೆ, ಅದನ್ನೂ ಇವನ ತಲೆಗೇ ಕಟ್ಟುತ್ತಾರೆ.

ಖಡೇಬಜಾರ್, ಬೆಳಗಾವಿ

ಮೇಷ್ಟ್ರೇ, ಒಂದು ಬಿಟ್ಟಿರಿ. ಲೆಗ್ಬಾ ಗುಲಾಮರ ಜೊತೆ ಆಫ್ರಿಕಾದಿಂದ ಹೈಟಿಗೆ ಹೋದವನು. ಅಲ್ಲಿನ ಬೆನಿನ್ ದೇಶದ ಫೋನ್ ಜನರ ಕಥೆಯಲ್ಲಿ ಮಾವು ಅನ್ನುವ ತಾಯಿ ತನ್ನ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ರಾಜ್ಯ, ಒಂದೊಂದು ಭಾಷೆ ಕೊಡುತ್ತಾಳೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಕಿರಿಯ ಮಗ ಲೆಗ್ಬಾಗೆ ಮಾತ್ರ ರಾಜ್ಯ ಇಲ್ಲ, ಎಲ್ಲಾ ಭಾಷೆ ಬರುತ್ತದೆ. ಅಲ್ಲಿ ಅವನು ಮುದುಕನಲ್ಲ, ಪೋಲಿ ಹುಡುಗ. ಮನೆ ಬಾಗಿಲಲ್ಲಿ ಮಣ್ಣಿನ ಗುಪ್ಪೆಯಾಗಿ ಕೂತಿರುತ್ತಾನೆ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಎಲ್ಲಾ ಬೆರೆಯುವ ನಮ್ಮ ಚನ್ನಮ್ಮ ಸರ್ಕಲ್‌ಗೆ ಇಂಥವನೇ ಬೇಕಿತ್ತು, ಅಲ್ವಾ?

ಹೈಟಿಯಲ್ಲಿ ಅವನ ಹೆಸರಲ್ಲಿ ಬೀಗದಕೈ ಹಿಡಿದ ಸಂತ ಪೇತ್ರನ ಚಿತ್ರವನ್ನೂ ಇಡುತ್ತಾರೆ. ಹೈಟಿ ಮೊದಲು ಫ್ರೆಂಚರ ಕೈಯಲ್ಲಿತ್ತು. ಗುಲಾಮರಿಗೆ ಕ್ಯಾಥೊಲಿಕ್ ದೀಕ್ಷೆ ಕೊಡಲೇಬೇಕು ಅಂತ ಫ್ರೆಂಚ್ ರಾಜ 1685ರಲ್ಲಿ ಕಾನೂನು ಮಾಡಿದ್ದ. ಜನ ಚಿತ್ರ ನೋಡಿದರು. ಕೈಯಲ್ಲಿ ಬಾಗಿಲ ಬೀಗದಕೈ ಇದೆ, ಇವನು ನಮ್ಮವನೇ ಅಂದರು! ಹೈಟಿ ಸರ್ಕಾರ ವೂಡೂ ಅನ್ನುವ ಈ ಪೂಜಾಪದ್ಧತಿಯನ್ನು ಧರ್ಮ ಅಂತ ಒಪ್ಪಿದ್ದು 2003ರಲ್ಲಿ.

ಪಂಕ್ಚರ್ ಕಾಕಾ

ಎಲ್ಲರಿಗೂ ಶರಣು. ಇದನ್ನೆಲ್ಲಾ ಅಕ್ಕನ ಮಗನಿಗೆ ಓದಿ ಹೇಳಿದೆ. ಆತ್ಮ ಬರೆಸಿಕೊಳ್ಳುವುದಿಲ್ಲ ಅಂತ ಕೇಳಿ ಅವನಿಗೆ ಸ್ವಲ್ಪ ಬೇಜಾರಾಯ್ತು. ಆಮೇಲೆ ಕುಂಟ ನಾಯಿಗೆ ಲೆಗ್ಬಾ ಅಂತ ಹೆಸರಿಟ್ಟ. ಅದು ಮಲಗುವುದು ಸರಿಯಾಗಿ ಶಟರ್ ಬೀಗದ ಮುಂದೆ. ನಾನು ಇಡುವುದು ನಾಯಿಗೋ ದೇವರಿಗೋ ನನಗೆ ಗೊತ್ತಾಗಲಿಲ್ಲ, ಎರಡು ಬಿಸ್ಕತ್ತು ಹಾಕುವತನಕ ಏಳುವುದಿಲ್ಲ ನೋಡ್ರಿ.