ಕೆನಡಾದ ಆಲ್ಬರ್ಟಾ–ಸಸ್ಕಾಚೆವಾನ್ ಹುಲ್ಲುಬಯಲು: ನಾಲ್ಕು ದಿನಕ್ಕೆ ಯಾವ ಕ್ರಮ?

ದೂಳುರಸ್ತೆ ಕೇಳಿದ್ದು:
ಜೂನ್ ಕೊನೆಗೆ ಕ್ಯಾಲ್ಗರಿಯಿಂದ ಬಾಡಿಗೆ ಕಾರಲ್ಲಿ ಹೊರಡುವುದು. ಹೆಡ್-ಸ್ಮ್ಯಾಶ್ಡ್-ಇನ್ ಬಫಲೋ ಜಂಪ್, ರೈಟಿಂಗ್-ಆನ್-ಸ್ಟೋನ್, ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ, ಈ ಮೂರೂ ನಾಲ್ಕು ದಿನದಲ್ಲಿ ಆಗುತ್ತಾ? ಬಂಡೆಯ ಮೇಲಿನ ಗೀರುಚಿತ್ರ ಕಣ್ಣಿಗೇ ಬೀಳಲ್ಲ ಅಂತಾರೆ, ನಿಜವೇ?

ಕಲ್ಲುಗೆರೆ:
ಆಗುತ್ತೆ, ಇದೇ ಕ್ರಮದಲ್ಲಿ ಹೋಗಿ. ಮೊದಲ ದಿನ ಬಫಲೋ ಜಂಪ್, ಅಂದರೆ ಹಿಂದೆ ಬೇಟೆಗಾರರು ಬೈಸನ್ (ಅಲ್ಲಿನ ಕಾಡುಎಮ್ಮೆಯಂಥ ಪ್ರಾಣಿ) ಹಿಂಡನ್ನು ಅಟ್ಟಿ ಕೆಳಗೆ ಬೀಳಿಸುತ್ತಿದ್ದ ಬಂಡೆ. ಫೋರ್ಟ್ ಮೆಕ್ಲೌಡ್‌ನಿಂದ 18 ಕಿ.ಮೀ. ಅಲ್ಲಿನ ಮ್ಯೂಸಿಯಂ ಕಟ್ಟಡ ಗುಡ್ಡದ ಇಳಿಜಾರಿಗೇ ಹುದುಗಿಕೊಂಡಿದೆ. ಮೊದಲು ಮೇಲಕ್ಕೆ ಹೋಗಿ ಬಂಡೆಯಂಚು ನೋಡಿ, ಆಮೇಲೆ ಒಂದೊಂದೇ ಅಂತಸ್ತು ಇಳಿಯುತ್ತಾ ಬನ್ನಿ. ಎಷ್ಟೋ ಜನ 'ಇಷ್ಟೇನಾ ಎತ್ತರ?' ಅಂತ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಈಗ ಕಾಣುವುದು ಸುಮಾರು 10 ಮೀಟರ್ ಮಾತ್ರ, ಯಾಕೆಂದರೆ ಬುಡದಲ್ಲಿ ಸಾವಿರಾರು ವರ್ಷದ ಬೈಸನ್ ಮೂಳೆ, ಮಣ್ಣು ಹತ್ತಿರಹತ್ತಿರ ಅಷ್ಟೇ ಆಳಕ್ಕೆ ತುಂಬಿದೆ. ನೋಡಬೇಕಾದ್ದು ಕೆಳಗಿರುವ ಆ ರಾಶಿ. 1981ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ.

ಎರಡನೇ ದಿನ ಬಂಡೆಯ ಗೀರುಚಿತ್ರಗಳ ರೈಟಿಂಗ್-ಆನ್-ಸ್ಟೋನ್; ಅಲ್ಲಿನ ಮೂಲನಿವಾಸಿ ಬ್ಲ್ಯಾಕ್‌ಫುಟ್ ಜನರ ಬಾಯಲ್ಲಿ ಇದು ಆಯ್ಸಿನೈಪಿ. ಚಿತ್ರಗಳು ಹೆಚ್ಚಿರುವ ಭಾಗಕ್ಕೆ ಗೈಡ್ ಜೊತೆಗಷ್ಟೇ ಪ್ರವೇಶ. ಟಿಕೆಟ್ ಮುಂಚೆಯೇ ಕಾಯ್ದಿರಿಸಿ. ಸಿಗದಿದ್ದರೆ ಹೂಡೂ (ಸವೆದು ನಿಂತ ಕಲ್ಲುಕಂಬ) ಟ್ರೇಲ್ ಹಿಡಿದು ನೀವೇ ನಡೆಯಬಹುದು. ಒಂದು ಕಡೆಗೆ ಎರಡು ಕಿ.ಮೀ.ಗೆ ಸ್ವಲ್ಪ ಜಾಸ್ತಿ, ಕೊನೆಗೆ ಯುದ್ಧದ ದೃಶ್ಯದ ಗೋಡೆ ಇದೆ. ದಾರಿಯಲ್ಲಿ ನೆರಳಿಲ್ಲ, ಒಬ್ಬೊಬ್ಬರಿಗೂ ಕುಡಿಯಲು ಎರಡು ಲೀಟರ್ ನೀರು ಇರಲಿ. ಗೀರು ಕಾಣದಿರುವುದು ಮಧ್ಯಾಹ್ನದ ಬಿಸಿಲಿನಿಂದ. ಬೆಳಗ್ಗೆ ಇಲ್ಲವೇ ಸಂಜೆ ಹೋಗಿ.

ಹುಲ್ಲುಗಾವಲು:
ಬೆಳಕಿನ ಮಾತು ಪೂರ್ತಿ ಸರಿಯಲ್ಲ. ಗೀರಿನ ಆಳ ತೀರಾ ಕಡಿಮೆ. ಒಂದು ಅಂಚಿನ ನೆರಳು ಒಳಗೆ ಬಿದ್ದರೆ ಮಾತ್ರ ಗೆರೆ ಎದ್ದು ಕಾಣುತ್ತೆ. ಮೋಡ ಕವಿದಾಗ, ಬೆಳಕು ಗೋಡೆಗೆ ನೇರ ಬಿದ್ದಾಗ ನೆರಳೇ ಇರಲ್ಲ. ಹಾಗಾಗಿ ಗಡಿಯಾರಕ್ಕಿಂತ ಗೋಡೆಯ ಮುಖ ಮುಖ್ಯ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಜೂನ್‌ನಲ್ಲಿ ಸೂರ್ಯ ಹುಟ್ಟಿದ ಕೂಡಲೇ ಬಿಸಿಲು ತಾಗುವುದೇ ಇಲ್ಲ, ಅವನು ಹುಟ್ಟುವುದು ಈಶಾನ್ಯದಲ್ಲಿ. ಬಿಸಿಲು ಗೋಡೆಯನ್ನು ಆಗಷ್ಟೇ ಸವರತೊಡಗುವ ಹೊತ್ತು ಉದ್ದಗೆರೆಗಳಿಗೆ ಒಳ್ಳೆಯದು. ನೆತ್ತಿಯ ಬಿಸಿಲಿಗೆ ಅಡ್ಡಗೆರೆಗಳು ಕಾಣುತ್ತವೆ. ಮಧ್ಯಾಹ್ನ ದಂಡ ಅನ್ನುವ ಮಾತು ಸಸ್ಕಾಚೆವಾನ್‌ನ ಸೇಂಟ್ ವಿಕ್ಟರ್‌ಗೆ ಒಪ್ಪುತ್ತೆ, ಅಲ್ಲಿ ಕೆತ್ತನೆ ಬಂಡೆಯ ನೆತ್ತಿಯಲ್ಲಿ ಮಲಗಿದೆ. ಗೆರೆ ಕಾಣಲಿ ಅಂತ ನೀರು ಚಿಮುಕಿಸುವುದು, ಬೆರಳಾಡಿಸುವುದು ಬೇಡವೇ ಬೇಡ. ಮರಳುಗಲ್ಲು, ಉಜ್ಜಿದರೆ ಉದುರುತ್ತೆ.

ಮೂರನೇ ದಿನ ಪೂರ್ತಿ ರಸ್ತೆಯ ಮೇಲೇ ಅಂದುಕೊಳ್ಳಿ. ನಾಲ್ಕನೇ ದಿನ ಗ್ರಾಸ್‌ಲ್ಯಾಂಡ್ಸ್ ನೋಡಿದರೆ ಅಂದೇ ಕ್ಯಾಲ್ಗರಿ ಆಗಲ್ಲ. ಸ್ವಿಫ್ಟ್ ಕರೆಂಟ್‌ನಲ್ಲಿ ಉಳಿದು ಐದನೇ ದಿನ ವಾಪಸ್.

ಗಂಬೊ:
ಗ್ರಾಸ್‌ಲ್ಯಾಂಡ್ಸ್‌ಗೆ ಸಾಮಾನ್ಯ ಕಾರು ಸಾಕು, ಒಣಗಿದ್ದರೆ. ಮಳೆ ಬಂತೋ, ಜಲ್ಲಿ ಇಲ್ಲದ ಮಣ್ಣುದಾರಿಗೆ ಇಳಿಯಲೇಬೇಡಿ. ಈ ಜೇಡಿ ನೀರು ಕುಡಿದು ಉಬ್ಬಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರ ತಿರುಗದ ಹಾಗೆ ಮಾಡುತ್ತೆ. ನಾಲ್ಕೂ ಚಕ್ರಕ್ಕೆ ಶಕ್ತಿಯಿರುವ ಗಾಡಿಯೂ ಜಾರುತ್ತೆ. ಒಣಗುವವರೆಗೆ ಕಾಯುವುದೊಂದೇ ದಾರಿ. ಟ್ಯಾಂಕ್ ಅರ್ಧಕ್ಕಿಳಿದಾಗಲೇ ತುಂಬಿಸಿ, ಮ್ಯಾಪ್ ಫೋನಿಗೆ ಇಳಿಸಿಕೊಳ್ಳಿ.

ವಾಲ್ ಮೇರಿ ಊರಿನ ಬದಿಯ ವೆಸ್ಟ್ ಬ್ಲಾಕ್‌ಗೇ (ಉದ್ಯಾನದ ಪಶ್ಚಿಮ ಭಾಗ) ಹೋಗಿ, ಬೈಸನ್ ಇರುವುದು ಅಲ್ಲೇ. 100 ಮೀಟರ್ ದೂರ ಬಿಡಿ. ಅದು ಬಾಲ ಮೇಲೆತ್ತಿತು ಅಂದರೆ ಮೈಮೇಲೆ ಬರುವ ಸೂಚನೆ, ಆಗಲೇ ತಡವಾಗಿದೆ. ಪ್ರೇರಿ ಡಾಗ್ (ಅಳಿಲಿನ ಜಾತಿಯ ಬಿಲವಾಸಿ) ಬಿಲಗಳ ಹತ್ತಿರ ಕೂರಬೇಡಿ, ಚಿಗಟಗಳಿಂದ ಪ್ಲೇಗ್ ಹರಡಬಹುದು. ಹುಲ್ಲಲ್ಲಿ ಅರ್ಧ ಹೂತ ಕಲ್ಲುಗಳ ಉಂಗುರ ಕಂಡರೆ ಅದು ಹಳೆಯ ಟೀಪಿ (ಮೂಲನಿವಾಸಿಗಳ ಶಂಕುವಿನಾಕಾರದ ಡೇರೆ) ಬಿಡಾರದ ಗುರುತು, ಒಂದು ಕಲ್ಲನ್ನೂ ಸರಿಸಬಾರದು. ಕಾಣದ ಕಲ್ಲುಸಂದಿಗೆ ಕೈ ಹಾಕುವುದಂತೂ ಬೇಡ, ರ‍್ಯಾಟಲ್ ಹಾವಿದೆ. ಸಂಜೆ ಪ್ಯಾಂಟ್ ಒಳಹೊಲಿಗೆಯವರೆಗೂ ರಕ್ತ ಹೀರುವ ಉಣ್ಣಿಗಳಿವೆಯಾ ಅಂತ ಹುಡುಕಿ, ಜೂನ್‌ನಲ್ಲಿ ಅವು ಜಾಸ್ತಿ.