ಸಹಾಯ ಬೇಕು: ಡ್ರಾಯಿಂಗ್ ಟಾಲರೆನ್ಸ್ ಹೇಳಿಕೊಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಟಾಲರೆನ್ಸ್ ಅಂದರೆ ಡ್ರಾಯಿಂಗ್‌ನಲ್ಲಿರುವ ಅಳತೆ, ಆಕಾರ ಎಷ್ಟು ಹೆಚ್ಚು ಕಡಿಮೆ ಆದರೂ ನಡೆಯುತ್ತದೆ ಅನ್ನುವ ಮಿತಿ. ನಮ್ಮ ಎಂಜಿನಿಯರಿಂಗ್ ಉದ್ದಿಮೆದಾರರ ಸಂಘದಲ್ಲಿ ತರಬೇತಿ ಕೆಲಸ ನಾನು ನೋಡಿಕೊಳ್ಳುತ್ತೇನೆ. ಸದಸ್ಯರಲ್ಲಿ ಹೆಚ್ಚಿನವರು ಎರಡು ಮೂರು ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರು.

ಹೋದ ಮೀಟಿಂಗ್‌ಗೆ ಒಬ್ಬರು ರಿಜೆಕ್ಟ್ ಆಗಿ ಬಂದ ಬ್ಲಾಕ್ ಒಂದನ್ನು ತಂದಿದ್ದರು. ಅಳತೆ ಎಲ್ಲ ಸರಿ ಇತ್ತು. ಆದರೆ ರೈಟ್ ಆಂಗಲ್ (ಮೂಲೆಮಟ್ಟ) ಇಟ್ಟು ನೋಡಿದರೆ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಡ್ರಾಯಿಂಗ್ ಮೂಲೆಯಲ್ಲಿ ‘ಐಎಸ್‌ಒ 2768-ಎಂಕೆ’ ಅಂತಿತ್ತು. ಇದು ಬೇರೆ ಟಾಲರೆನ್ಸ್ ಬರೆಯದ ಕಡೆಗೆಲ್ಲ ಅನ್ವಯಿಸುವ ಅಂತರರಾಷ್ಟ್ರೀಯ ಮಾನದಂಡ. ‘ಎಂ’ ಅಂದರೆ ಅಳತೆಯದ್ದು, 30ರಿಂದ 120 ಮಿ.ಮೀ. ವರೆಗೆ ±0.3. ಅದು ನಮ್ಮವರಿಗೆ ಬಾಯಿಪಾಠ. ‘ಕೆ’ ಆಕಾರದ್ದು. ಅದನ್ನು ಜಾಸ್ತಿ ಜನ ನೋಡುವುದೇ ಇಲ್ಲ, ಪೆಟ್ಟು ಬೀಳುವುದು ಅಲ್ಲೇ ಅಲ್ವಾ? ಆ ‘ಕೆ’ ಇರುವ, ಈ ಮಾನದಂಡದ ಎರಡನೇ ಭಾಗವನ್ನು 2021ರಲ್ಲಿ ಕೈಬಿಟ್ಟು ಐಎಸ್‌ಒ 22081 ತಂದಿದ್ದಾರೆ. ಹಳೆಯ ಡ್ರಾಯಿಂಗ್‌ಗಳು ಮಾತ್ರ ಇನ್ನೂ ಓಡಾಡುತ್ತಿವೆ.

ಇದನ್ನು ಆಪರೇಟರ್‌ಗಳಿಗೆ ಕನ್ನಡದಲ್ಲೇ, ಅರ್ಧ ದಿನದಲ್ಲಿ ಹೇಳಿಕೊಡುವವರು ಬೇಕು. ಸುಮ್ನೆ ಸ್ಲೈಡ್ ಓದುವುದು ಬೇಡ. ಸರ್ಫೇಸ್ ಪ್ಲೇಟ್ (ಅಳತೆಗೆ ಬಳಸುವ ಸಮತಟ್ಟಾದ ಹಲಗೆ) ಮೇಲೆ ಡಯಲ್ ಗೇಜ್ ಇಟ್ಟು, ಮುಳ್ಳು ಎಷ್ಟು ಓಡುತ್ತದೆ ಅಂತ ಅವರ ಕೈಯಲ್ಲೇ ಮಾಡಿಸಬೇಕು. ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರಾದರೆ ಇನ್ನೂ ಒಳ್ಳೆಯದು. ಸಂಭಾವನೆ ಸಂಘ ಕೊಡುತ್ತದೆ.

ನೀವೇ ಬರಬಹುದು ಅಂತಿದ್ದರೆ ಅಥವಾ ಯಾರಾದರೂ ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ.