[ಪದಚರ್ಚೆ] ಪ್ರೂಫ್ ನಾಣ್ಯದ ಕುಂದುಗಳಿಗೆ ಕನ್ನಡ ಹೆಸರು ಬೇಕು (ತುರ್ತು)

ಎಸ್. ವಿ.:
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಟಂಕಸಾಲೆಯಿಂದ ನೇರವಾಗಿ ಸ್ಮರಣಾರ್ಥ ನಾಣ್ಯ ತರಿಸಿಕೊಳ್ಳುವವರಿಗಾಗಿ ಎರಡು ಪುಟದ ಕೈಪಿಡಿಯೊಂದು ಕನ್ನಡಕ್ಕೆ ಬರಬೇಕಿದೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗುತ್ತದೆ. ಪೊಟ್ಟಣ ಬಿಚ್ಚಿದಾಗ ಏನು ನೋಡಬೇಕು, ಯಾವ ಕುಂದಿದ್ದರೆ ವಾಪಸು ಕಳಿಸಬಹುದು ಎಂಬುದೇ ವಿಷಯ. ತೊಡಕಾಗಿರುವ ಪದಗಳು: ಪ್ರೂಫ್, ಬ್ಲ್ಯಾಂಕ್, ಡೈ ಕ್ರ್ಯಾಕ್, ಹೇರ್‌ಲೈನ್, ಮಿಲ್ಕ್ ಸ್ಪಾಟ್, ಕ್ವಾಲಿಟಿ ಕಂಟ್ರೋಲ್. ಈಗಿನ ಕರಡಿನಲ್ಲಿ ‘ಪುರಾವೆ ನಾಣ್ಯ’ ಅಂತಿದೆ. ಕೋರ್ಟಿಗೆ ಹಾಜರುಪಡಿಸುವ ನಾಣ್ಯದ ಹಾಗೆ ಕೇಳಿಸುತ್ತದೆ.

ಗ. ನಾ.:
ಪ್ರೂಫಿಗೆ ಮುದ್ರಣದವರ ಪದ ಸಿದ್ಧವಾಗಿಯೇ ಇದೆ: ಕರಡಚ್ಚು. ಕ್ವಾಲಿಟಿ ಕಂಟ್ರೋಲಿಗೆ ‘ಒರೆನೋಟ’ ಸಾಕು, ‘ಗುಣಮಟ್ಟ ನಿಯಂತ್ರಣ’ ಎಂಬ ಕಚೇರಿ ಸಮಾಸ ಬೇಡ. ಅದಕ್ಕೂ ಮೊದಲು ಆ ‘ಟಂಕಸಾಲೆ’ ತೆಗೆಯಿರಿ. ನಾಣ್ಯ ಹೊಡೆಯುವ ಜಾಗಕ್ಕೆ ಹಳಗನ್ನಡದಲ್ಲಿ ಕಮ್ಮಟ ಎಂದೇ ಹೆಸರು. ಲಕ್ಕುಂಡಿಯಲ್ಲಿ ಇದ್ದದ್ದು ಕಮ್ಮಟ, ಲೊಕ್ಕಿ ಗದ್ಯಾಣ ಎಂಬ ಹಳೆಯ ಚಿನ್ನದ ನಾಣ್ಯ ಹುಟ್ಟಿದ್ದು ಅಲ್ಲಿ. ನಮ್ಮದೇ ಪದ ಇರುವಾಗ ಸಂಸ್ಕೃತದ ಬಾಗಿಲಲ್ಲಿ ನಿಲ್ಲುವುದೇಕೆ?

ಪಿ. ಎಲ್.:
ಕರಡಚ್ಚು ಬೇಡವೇ ಬೇಡ. ಅಚ್ಚು, ಅಂದರೆ ಡೈ, ಸರಿಯಿದೆಯೇ ಎಂದು ನೋಡಲು ಹೊಡೆದ ಮಾದರಿಗೆ ಹಿಂದೆ ಪ್ರೂಫ್ ಎನ್ನುತ್ತಿದ್ದರು, ನಿಜ. ಇಂದು ಅರ್ಥ ತಲೆಕೆಳಗಾಗಿದೆ, ಅದು ಟಂಕಸಾಲೆಯ ಅತ್ಯಂತ ನಯವಾದ ಮಾಲು. ಉಜ್ಜಿ ಹೊಳಪಿಸಿದ ಬಿಲ್ಲೆ, ಕನ್ನಡಿಯಂತೆ ತೀಡಿದ ಅಚ್ಚು, ನಿಧಾನದ ಪ್ರೆಸ್ಸಿನಲ್ಲಿ ಕನಿಷ್ಠ ಎರಡು ಹೊಡೆತ. ಚಲಾವಣೆಯ ನಾಣ್ಯಕ್ಕೆ ಒಂದೇ ಹೊಡೆತ, ನಿಮಿಷಕ್ಕೆ ನೂರಾರು ಬೀಳುತ್ತವೆ. ಪ್ರೂಫ್ ಎಂದೇ ಇಡಿ, ಕೊಳ್ಳುವವರೆಲ್ಲ ಹಾಗೇ ಹೇಳುವುದು. ಬ್ಲ್ಯಾಂಕಿಗೆ, ಅಂದರೆ ಇನ್ನೂ ಅಚ್ಚು ಬೀಳದ ಖಾಲಿ ಲೋಹದ ತುಂಡಿಗೆ, ಬಿಲ್ಲೆ.

‘ಒರೆನೋಟ’ವಂತೂ ಅಪಾಯ. ಒರೆಗಲ್ಲು ಹೇಳುವುದು ಲೋಹ ಎಷ್ಟು ಅಪ್ಪಟ ಎಂಬುದನ್ನು. ಇಲ್ಲಿ ನೋಡಬೇಕಾದದ್ದು ಮೈಯ ಹೊಳಪು. ಯಾರಾದರೂ ಆ ಪದ ನಂಬಿ ಪ್ರೂಫನ್ನು ಕಲ್ಲಿಗೆ ಉಜ್ಜಿದರೆ ಅಲ್ಲಿಗೆ ಮುಗಿಯಿತು. ‘ತಪಾಸಣೆ’ ಎನ್ನಿ.

ಡೈ ಕ್ರ್ಯಾಕಿಗೆ ಬರೀ ‘ಬಿರುಕು’ ಎಂದರೆ ಓದುಗ ನಾಣ್ಯವೇ ಸೀಳಿದೆ ಎಂದುಕೊಳ್ಳುತ್ತಾನೆ. ಬಿರುಕು ಬಿಟ್ಟಿರುವುದು ಅಚ್ಚು. ಲೋಹ ಅದರೊಳಗೆ ಹರಿಯುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ, ಸಾಮಾನ್ಯವಾಗಿ ಅಂಚಿನಿಂದ ಅಕ್ಷರದ ಕಡೆಗೆ. ‘ಅಚ್ಚುಬಿರುಕಿನ ಗೆರೆ’ ಎಂದರೆ ಗೊಂದಲವಿಲ್ಲ. ಹೇರ್‌ಲೈನ್ ಇದಕ್ಕೆ ತದ್ವಿರುದ್ಧ: ತಗ್ಗು, ನೇರ, ಗುಂಪುಗುಂಪಾಗಿ, ಬಟ್ಟೆಯಲ್ಲಿ ಒರೆಸಿದ್ದರಿಂದ ಬೀಳುವಂಥದ್ದು. ‘ಎಳೆಗೀರು’ ಸರಿಹೋಗುತ್ತದೆ. ಅಚ್ಚನ್ನು ಹೊಳಪಿಸಿದಾಗ ಉಳಿದ ಗೆರೆಗಳನ್ನೂ ಜನ ಗೀರೆಂದು ದೂರುತ್ತಾರೆ. ಅವು ಉಬ್ಬಾಗಿರುತ್ತವೆ, ಹಿನ್ನೆಲೆಯಲ್ಲಿ ಓಡಿ ಚಿತ್ರದ ಅಂಚಿಗೆ ಬಂದು ನಿಂತುಬಿಡುತ್ತವೆ. ಗೀರಾದರೆ ಚಿತ್ರದ ಮೇಲೂ ಹತ್ತಿ ಹೋಗುತ್ತದೆ.

ಗ. ನಾ.:
ಒರೆ ಹಿಂತೆಗೆದುಕೊಂಡೆ. ಕಮ್ಮಟ ಬಿಡುವುದಿಲ್ಲ.

ರಾ.:
ಗ. ನಾ. ಸರ್, ಕಮ್ಮಟ ಈಗ ನಾಣ್ಯದ ಕೈಯಲ್ಲಿಲ್ಲ, ಕವಿಗಳ ಕೈಯಲ್ಲಿದೆ. ‘ಸರ್ಕಾರಿ ಕಮ್ಮಟದಿಂದ ನೇರ ಖರೀದಿ’ ಎಂದು ಹಾಕಿದರೆ ನಾಲ್ಕು ಜನ ಕಥೆ ಬರೆದುಕೊಂಡು ಬರುತ್ತಾರೆ. ಇನ್ನು ಅಚ್ಚಗನ್ನಡದ ಮಾತು: ಕಮ್ಮಟವನ್ನು ‘ಕಮ್ಮಾರ’ ಪದದ ಜೊತೆಗೇ ಸಂಸ್ಕೃತದ ‘ಕರ್ಮ’ದ ಬುಡಕ್ಕೆ ಕಟ್ಟುವವರಿದ್ದಾರೆ. ಆ ಲೆಕ್ಕದಲ್ಲಿ ನೀವು ಸಂಸ್ಕೃತದ ಮುಂಬಾಗಿಲು ಬಿಟ್ಟು ಪ್ರಾಕೃತದ ಹಿತ್ತಿಲಲ್ಲಿ ನಿಂತ ಹಾಗಾಯಿತು.

ಗ. ನಾ.:
ಕಟ್ಟುವವರು ಏನನ್ನಾದರೂ ಕಟ್ಟುತ್ತಾರೆ.

ಎಸ್. ವಿ.:
ಟಂಕಸಾಲೆ ಉಳಿಸಿದ್ದೇನೆ, ದಯವಿಟ್ಟು ಮುಂದೆ ಹೋಗೋಣ. ಬೆಳ್ಳಿ ನಾಣ್ಯದ ಮೇಲೆ ಏಳುವ ಬಿಳಿ ಮಚ್ಚೆಗೆ, ಅಂದರೆ ಮಿಲ್ಕ್ ಸ್ಪಾಟಿಗೆ, ಏನೆನ್ನೋಣ? ತಪಾಸಣೆಯ ಕ್ರಮವನ್ನೂ ಯಾರಾದರೂ ಒಮ್ಮೆ ನೋಡಿದರೆ ಉಪಕಾರ. ಮೂಲದಲ್ಲಿ ‘ಒಳ್ಳೆಯ ಬೆಳಕಿನಲ್ಲಿ ಪರೀಕ್ಷಿಸಿ’ ಎಂದಷ್ಟೇ ಇದೆ.

ಗ. ನಾ.:
ಹಾಲ್ಗಲೆ. ಹಾಲ್ಗಡಲು ಇದ್ದಮೇಲೆ ಹಾಲ್ಗಲೆಗೇನು ಅಡ್ಡಿ? ಇಲ್ಲಿಯ ಕಲೆ ದ್ರಾವಿಡದ್ದು, ಲಲಿತಕಲೆಯದ್ದಲ್ಲ.

ಪಿ. ಎಲ್.:
ಹಾಲ್ಗಲೆ ಒಪ್ಪಿದೆ. ಆದರೆ ಒಂದು ಸಾಲು ಸೇರಿಸಲೇಬೇಕು: ಇದು ಬಿಚ್ಚಿದ ದಿನ ಕಾಣದಿರಬಹುದು. ಬಿಲ್ಲೆ ತೊಳೆದ ರಾಸಾಯನಿಕ ಪೂರ್ತಿ ಹೋಗದೆ ಉಳಿದರೆ ತಿಂಗಳುಗಳ ನಂತರ ಬಿಳಿಯಾಗಿ ಏಳುತ್ತದೆ. ಅಪ್ಪಟ ಬೆಳ್ಳಿಯಲ್ಲೇ ಇದರ ಕಾಟ ಹೆಚ್ಚು. ಕೆನಡಾದ ಟಂಕಸಾಲೆ ತನ್ನ ಮೇಪಲ್ ಎಲೆಯ ಬೆಳ್ಳಿ ನಾಣ್ಯಕ್ಕೆ 2018ರಲ್ಲಿ ಬೇರೆಯೇ ಮೇಲ್ಮೈ ಸಂಸ್ಕರಣೆ ತಂದದ್ದು ಇದೇ ಕಾರಣಕ್ಕೆ. ಅಸಿಟೋನ್ ಹಾಕಿದರೂ ಹೋಗುವುದಿಲ್ಲ, ಉಜ್ಜಿದರೆ ಎಳೆಗೀರು ಉಚಿತ. ನಮ್ಮಲ್ಲಿ ರಿಸರ್ವ್ ಬ್ಯಾಂಕಿಗೆ 90 ವರ್ಷವಾದ ನೆನಪಿಗೆ 2024ರಲ್ಲಿ ಬಂದ ನಾಣ್ಯದಂಥ 40 ಗ್ರಾಂ ಅಪ್ಪಟ ಬೆಳ್ಳಿಗೆ ಇದು ಅನ್ವಯಿಸುತ್ತದೆ. ಅದಕ್ಕೂ ಹಿಂದಿನ 35 ಗ್ರಾಂ, 44 ಮಿ.ಮೀ.ನ ನೂರು ರೂಪಾಯಿಗಳದು ಮಿಶ್ರಲೋಹ: ಬೆಳ್ಳಿ 50, ತಾಮ್ರ 40, ನಿಕಲ್ 5, ಸತು 5. ತಾಮ್ರ ಅಷ್ಟಿರುವುದರಿಂದ ಅಲ್ಲಿ ಬರುವುದು ಕಂದು ಕಲೆ, ಹಾಲ್ಗಲೆಯಲ್ಲ. ಎರಡನ್ನೂ ಒಂದೇ ಹೆಸರಲ್ಲಿ ಕರೆಯಬೇಡಿ.

‘ಒಳ್ಳೆಯ ಬೆಳಕು’ ಎಂದರೆ ಟ್ಯೂಬ್‌ಲೈಟ್ ಅಂದುಕೊಳ್ಳುತ್ತಾರೆ, ಅದರಲ್ಲಿ ಗೀರು ಅಡಗಿಹೋಗುತ್ತದೆ. ಒಂದೇ ಬಲ್ಬು, ಪಕ್ಕದಿಂದ. ನಾಣ್ಯ ಕೂತಿರುವ ಪಾರದರ್ಶಕ ಡಬ್ಬಿಯನ್ನು, ಅಂದರೆ ಕ್ಯಾಪ್ಸೂಲನ್ನು, ತೆರೆಯದೆ ನಾಣ್ಯವನ್ನು ನಿಧಾನವಾಗಿ ವಾಲಿಸುತ್ತ ನೋಡಬೇಕು. ಭೂತಗನ್ನಡಿ 5ರಿಂದ 10 ಪಟ್ಟಿನದು ಸಾಕು, ಅದಕ್ಕಿಂತ ಹೆಚ್ಚಾದರೆ ಯಾವ ನಾಣ್ಯವೂ ಪಾಸಾಗುವುದಿಲ್ಲ. ಕಂಡ ಗೀರು ಕ್ಯಾಪ್ಸೂಲಿನದೋ ನಾಣ್ಯದ್ದೋ ಎಂಬ ಅನುಮಾನ ಬಂದರೆ ದೀಪವನ್ನು ಆಚೀಚೆ ಸರಿಸಿ: ಕ್ಯಾಪ್ಸೂಲಿನ ಗೀರಿನ ನೆರಳು ನಾಣ್ಯದ ಮೇಲೆ ಜಾರುತ್ತದೆ. ಆಮೇಲೆ ನಾಣ್ಯವನ್ನು ಎಡದಿಂದ ಬಲಕ್ಕೆ ಮಗುಚಿ. ನಮ್ಮ ನಾಣ್ಯದ ಹಿಂಬದಿಯೂ ನೆಟ್ಟಗೆ ನಿಲ್ಲಬೇಕು, ಓರೆಯಾಗಿದ್ದರೆ ಅಚ್ಚು ತಿರುಗಿದೆ ಎಂದರ್ಥ. ಪೊಟ್ಟಣ ಒಡೆಯುವುದನ್ನು ಮುಚ್ಚಿದ ಸ್ಥಿತಿಯಿಂದಲೇ ಒಂದೇ ಓಟದಲ್ಲಿ ವಿಡಿಯೊ ಮಾಡಲು ಹೇಳಿ. ಬೆರಳಚ್ಚು, ಎಳೆಗೀರು ಇಂಥವು ಯಾರ ಕೈಯಿಂದ ಬಂದವು ಎಂಬ ಜಗಳಕ್ಕೆ ಬೇರೆ ಸಾಕ್ಷಿ ಸಿಗುವುದಿಲ್ಲ.

ಕುಂದುಗಳ ಪಟ್ಟಿಯನ್ನು ಅಕಾರಾದಿಯಾಗಿ ಕೊಡಬೇಡಿ. ಬಿಲ್ಲೆಯ ಕುಂದು, ಅಚ್ಚಿನ ಕುಂದು, ಹೊಡೆತದ ಕುಂದು, ಆಮೇಲಿನ ಹಾನಿ, ಹೀಗೆ ಹುಟ್ಟಿದ ಜಾಗದ ಪ್ರಕಾರ ವಿಂಗಡಿಸಿ. ದೂರಿನ ಪತ್ರದಲ್ಲಿ ಮೊದಲು ಬರೆಯಬೇಕಾದದ್ದು ಅದೇ.

ಎಸ್. ವಿ.:
ಹಾಗೇ ಮಾಡುತ್ತೇನೆ. ಹೊಡೆತಕ್ಕೆ ಮುನ್ನ ಬಿಲ್ಲೆಯ ಮೇಲೆ ಬಟ್ಟೆಯ ನಾರು ಕುಳಿತು ಮೂಡುವ ಗುರುತಿಗೆ?

ಪಿ. ಎಲ್.:
ನಾರುಗುರುತು. ತಗ್ಗಾಗಿ, ಬಾಗಿರುತ್ತದೆ. ಹೊಡೆತದ ಕುಂದಿಗೆ ಸೇರಿಸಿ.

ಗ. ನಾ.:
‘ನಾಣ್ಯ’ದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲವಲ್ಲ. ಅದು ಸಂಸ್ಕೃತದ ನಾಣಕ.

ರಾ.:
ಆ ನಾಣಕವನ್ನು ಕುಶಾನರ ನಾಣ್ಯದ ಮೇಲಿನ ನನಾ ದೇವತೆಗೆ ಕಟ್ಟುವ ವಿದ್ವಾಂಸರಿದ್ದಾರೆ ಸರ್. ಸಂಸ್ಕೃತವೂ ಸಾಲ ತಂದದ್ದೇ ಆದರೆ ನೀವು ಯಾರ ಮೇಲೆ ಮುನಿಸಿಕೊಳ್ಳುತ್ತೀರಿ?

ಗ. ನಾ.:
ಬೇರೆ ಎಳೆ ತೆರೆಯಿರಿ, ಅಲ್ಲಿ ಉತ್ತರಿಸುತ್ತೇನೆ.